ಅರ್ಧ ಇಂಚು

ಡ್ಯಾನ್ಸ್ ಶಾಲೆಯ ಟೈಲರಮ್ಮನಿಗೆ ಮೇಡಂ ಗುಟ್ಟಾಗಿ ಒಂದು ಕೆಲಸ ಒಪ್ಪಿಸಿದ್ದಳು. ತಿಂಗಳಿಗೊಮ್ಮೆ ಹುಡುಗಿಯರ ಡ್ರೆಸ್ಸಿನ ಸೊಂಟವನ್ನು ಅರ್ಧ ಇಂಚು ಹಿಡಿದು ಹೊಲಿಯಬೇಕು. ಹುಕ್ಕು ಬೀಳದೆ ಮಕ್ಕಳು ಒದ್ದಾಡುವಾಗ ಮೇಡಂ ಎದುರು ನಿಂತು, "ದಪ್ಪ ಆಗ್ತಿದ್ದೀರ ಕಣ್ರೇ, ಬಾಯಿಗೆ ಬೀಗ ಹಾಕ್ಕೊಳ್ಳಿ" ಅನ್ನುವಳು. ಆ ಸಾಲಿನಲ್ಲಿ ಟೈಲರಮ್ಮನ ಮಗಳೂ ಇದ್ದಳು. ಒಬ್ಬಳಿಗೆ ಬಿಟ್ಟರೆ ಗುಟ್ಟು ರಟ್ಟಾದೀತು, ಕೆಲಸ ಹೋದೀತು ಎಂದು ಈ ಮಹಾತಾಯಿ ಅವಳದನ್ನೂ ಹಿಡಿದು ಹೊಲಿದಳು.

ಮಗಳು ತಟ್ಟೆ ಕಂಡರೆ ಹಾವು ಕಂಡ ಹಾಗೆ ಹಿಂದೆ ಸರಿಯತೊಡಗಿದಳು. ಕನ್ನಡಿಯ ಮುಂದೆ ಹೊಟ್ಟೆ ಚಿವುಟಿಕೊಂಡು ಅಳುವಳು. ಅಲ್ಲಿ ಚರ್ಮ ಬಿಟ್ಟರೆ ಚಿವುಟಲು ಏನಿತ್ತು? ಒಂದು ದಿನ ಮೆಟ್ಟಿಲ ಮೇಲೇ ಕುಸಿದಳು. ಆಸ್ಪತ್ರೆಯಲ್ಲಿ ಹದಿನೇಳು ದಿನ ಮೂಗಿನ ಟ್ಯೂಬಿನಲ್ಲೇ ಆಹಾರ. ನೋಡಲು ಬಂದ ಮೇಡಂ, "ಚೆನ್ನಾಗಿ ಇಳಿದಿದ್ದಾಳೆ, ಇನ್ನು ಮುಂದಿನ ಸಾಲಲ್ಲಿ ನಿಲ್ಲಿಸಬಹುದು" ಅಂದಳು.

ಟೈಲರಮ್ಮನ ಹೊಟ್ಟೆಗೆ ಬೆಂಕಿ ಬಿತ್ತು. ಇವಳಿಗೆ ಇವಳ ಮದ್ದನ್ನೇ ಕುಡಿಸದಿದ್ದರೆ ನಾನು ತಾಯಿಯೇ ಅಲ್ಲ ಎಂದುಕೊಂಡಳು.

ವಾರ್ಷಿಕೋತ್ಸವಕ್ಕೆ ಮೇಡಂ ಹತ್ತು ವರ್ಷದ ಮೇಲೆ ತಾನೇ ಕುಣಿಯುವವಳಿದ್ದಳು. ಅವಳ ಡ್ರೆಸ್ಸಿಗೂ ವಾರಕ್ಕೆ ಅರ್ಧ ಇಂಚು ಹಿಡಿದ ಹೊಲಿಗೆ ಬಿತ್ತು. "ಯಾಕೋ ಸ್ವಲ್ಪ ಮೈ ಬಂದ ಹಾಗಿದೆ ಮೇಡಂ" ಎಂದು ಟೈಲರಮ್ಮ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೇಳುವಳು. ಮೇಡಂ ಮೊದಲು ರಾತ್ರಿಯ ಊಟ ಬಿಟ್ಟಳು, ಆಮೇಲೆ ಹಗಲಿನದನ್ನೂ ಬಿಟ್ಟಳು. ಕೆನ್ನೆ ಗುಳಿ ಬಿತ್ತು. ಮಾಡಿದ್ದುಣ್ಣೋ ಮಹರಾಯ! ಟೈಲರಮ್ಮನಿಗೆ ಅಂಥ ರುಚಿ ಯಾವ ಊಟದಲ್ಲೂ ಸಿಕ್ಕಿರಲಿಲ್ಲ.

ಉತ್ಸವದ ದಿನ ಹುಡುಗಿಯರೆಲ್ಲ ತುಂಬಿದ್ದ ಮೇಕಪ್ ಕೋಣೆಯಲ್ಲಿ ಮೇಡಂ ಡ್ರೆಸ್ಸಿನ ಹುಕ್ಕು ಬೀಳಲಿಲ್ಲ. ಅಮ್ಮನ ಜೊತೆ ಬಂದಿದ್ದ ಮಗಳು ಮೂಲೆಯ ಕುರ್ಚಿಯಲ್ಲಿ ಕೂತಿದ್ದಳು.

"ದಮ್ಮಯ್ಯ, ಸ್ವಲ್ಪ ಬಿಚ್ಚಿಕೊಡಿ, ನಾನೇನೂ ತಿಂದೇ ಇಲ್ಲ" ಎಂದು ಮೇಡಂ ಟೈಲರಮ್ಮನ ಕೈ ಹಿಡಿದುಕೊಂಡಳು.

ಟೈಲರಮ್ಮ ಡ್ರೆಸ್ಸಿನ ಸೊಂಟವನ್ನು ಮಗುಚಿ ಎಲ್ಲರಿಗೂ ತೋರಿಸಿದಳು. ಒಂದರ ಪಕ್ಕ ಒಂದು ಐದು ಸಾಲು ಹೊಲಿಗೆ. "ನಿಮ್ಮವನ್ನೂ ತಿರುಗಿಸಿ ನೋಡ್ಕೊಳ್ರೇ. ಇವರೇ ಹೇಳಿ ಹಿಡಿಸಿದ್ದು. ನೀವ್ಯಾರೂ ದಪ್ಪ ಆಗಿರಲೇ ಇಲ್ಲ!"

ಹುಡುಗಿಯರು ನೋಡಿಕೊಂಡರು. ಒಬ್ಬಳು ಗೆಜ್ಜೆ ಬಿಚ್ಚಿ ಮೇಡಂ ಕಾಲ ಬುಡಕ್ಕೆ ಎಸೆದಳು, ಉಳಿದವರೂ ಎಸೆದರು. ಮೇಡಂ ನೆಲಕ್ಕೆ ಕುಸಿದಳು. ಟೈಲರಮ್ಮನ ಹೊಟ್ಟೆ ತಣ್ಣಗಾಯಿತು.

"ನಂದನ್ನೂ ನೀನೇ ಹಿಡಿದ್ಯಾಮ್ಮಾ?" ಮಗಳು ಕೇಳಿದಳು.

"ಅವರು ಹೇಳಿದ್ರು ಅಂತ..."

"ನಾನು ಬೀಳೋಕೆ ಮುಂಚಿನ ವಾರಾನೂ?"

ಟೈಲರಮ್ಮ ಹೂಂ ಅಂದಳು. ಓಡಿಹೋಗಿ ತಬ್ಬಿಕೊಳ್ಳಲು ಎರಡೂ ಕೈ ಚಾಚಿದಳು.

ಮಗಳು ಎರಡೂ ಕೈಯಿಂದ ಸೊಂಟ ಮುಚ್ಚಿಕೊಂಡು ಗೋಡೆಗೆ ಸರಿದಳು. "ಅಳತೆ ತಗೋಬೇಡಮ್ಮಾ," ಅಂದಳು.