ಬೆಳಗದ ಮುಚ್ಚಳ

"ಸಾಲಿ ಬಿಟ್ಟಾಂವ ಹಾಲಾರ ನೆಟ್ಟಗ ತಂದಾನು ಅಂದ್ರ, ಅದನೂ ಕೆಡಿಸ್ಯಾನ ನೋಡ್ರಿ," ಎಂದು ಡೇರಿಯ ಕಾರ್ಯದರ್ಶಿ ಅಮೋಘಸಿದ್ದಪ್ಪ ನನ್ನ ಪಾತ್ರೆಯ ಮುಚ್ಚಳವನ್ನು ಸಾಲಿನಲ್ಲಿದ್ದವರಿಗೆಲ್ಲ ಎತ್ತಿ ತೋರಿಸಿದ. ಹೆಂಗಸರೂ ನಕ್ಕರು.

ಆ ವಾರ ಊರಿನ ಎಲ್ಲರ ಹಾಲಿನ ಪಾತ್ರೆಯ ಮುಚ್ಚಳದ ಒಳಗೂ ಉಗುರಿನಗಲದ ಹಳದಿ ಪಟ್ಟಿ ಅಂಟಿಸಿದ್ದರು. ನೇರಳೆ ದೀಪದ ಕೆಳಗೆ ಹಿಡಿದರೆ ಅದು ಬೆಳಗಬೇಕು. ಹಾಲು ಹುಳಿತಿದ್ದರೆ ಪಟ್ಟಿ ಕೆಂಪಾಗಿ ಬೆಳಕು ಸಾಯುತ್ತದೆ. ಅದನ್ನು ತಯಾರಿಸಿದ್ದು ಧಾರವಾಡದಲ್ಲಿ ಸಂಶೋಧನೆ ಮಾಡುವ ಮಧು; ಅವಳೂ ದೀಪದ ಪಕ್ಕದಲ್ಲೇ ನಿಂತಿದ್ದಳು. ಎಲ್ಲರ ಪಟ್ಟಿಯೂ ಬೆಳಗಿತ್ತು. ನನ್ನದು ಮಾತ್ರ ತುಕ್ಕಿನ ಬಣ್ಣಕ್ಕೆ ತಿರುಗಿ ಸತ್ತಿತ್ತು.

ಹಾಲು ಹಿಂದಕ್ಕೆ ಒಯ್ಯಿ, ನಾಳೆಯೂ ಹೀಗೇ ಆದರೆ ಇತ್ತ ಬರಬೇಡ ಎಂದ ಅಮೋಘಸಿದ್ದಪ್ಪ. ಹಾಲಿನ ಚಿಂತೆ ನನಗಿರಲಿಲ್ಲ, ಬೈಲಹೊಂಗಲದ ಚಹಾದಂಗಡಿಯವರು ಕೊಳ್ಳುತ್ತಾರೆ. ಆದರೆ ಅವ್ವ ತೀರಿಹೋದ ಮೇಲೆ ನನ್ನ ಜೊತೆ ಯಾರಾದರೂ ಎರಡು ಮಾತಾಡುವುದಿದ್ದರೆ ಈ ಸಾಲಿನಲ್ಲೇ. ಇದೂ ತಪ್ಪಿದರೆ ನಾನು, ಎಮ್ಮೆ, ನಾಲ್ಕು ಗೋಡೆ.

ಈಗಷ್ಟೇ ಹಿಂಡಿದ ಹಾಲು, ಇನ್ನೂ ಬೆಚ್ಚಗಿದೆ, ಹುಳಿ ಹೇಗಾದೀತು ಎಂದು ಜಗಳಕ್ಕೇ ನಿಂತೆ. ಮಧು ಒಂದಿಷ್ಟು ಹಾಲು ಕಾಯಿಸಿ ನೋಡಿದಳು. ಒಡೆಯಲಿಲ್ಲ. ಆಮೇಲೆ ಮುಚ್ಚಳ ಮೂಸಿದಳು.

"ಇದನ್ನ ಯಾತರಲೆ ತಿಕ್ಕೀರಿ?"

"ಹುಣಸಿಹಣ್ಣಲೆರಿ. ಹಿತ್ತಾಳಿ ಅಲ್ರಿ?"

ಉಳಿದವರದೆಲ್ಲ ಸ್ಟೀಲು, ಸಾಬೂನು ಪುಡಿ. ಅವಳು ಬಿಡಿಸಿ ಹೇಳಿದಳು: ಪಟ್ಟಿಯಲ್ಲಿರುವುದು ಒಂದು ಬಗೆಯ ಪ್ಲಾಸ್ಟಿಕ್, ಉದ್ದುದ್ದ ಸರಪಳಿಯಂಥ ಅಣುಗಳು. ಎಲೆಕ್ಟ್ರಾನುಗಳು ಕೊಂಡಿಯಿಂದ ಕೊಂಡಿಗೆ ಹರಡಿಕೊಂಡಿರುವುದರಿಂದ ಅದು ಒಂದು ಬೆಳಕನ್ನು ನುಂಗಿ ಇನ್ನೊಂದನ್ನು ಹೊರಗೆ ಬಿಡುತ್ತದೆ. ಹುಳಿ ಬಂದು ಆ ಕೊಂಡಿಗಳಿಗೆ ಅಂಟಿತೋ, ನುಂಗುವ ಬೆಳಕೇ ಬೇರೆಯಾಗುತ್ತದೆ. ಹೊರಗೆ ಬಿಡುವುದು ಇಲ್ಲವೆನ್ನುವಷ್ಟು ಕಡಿಮೆ. ಹಾಲಿನ ಹುಳಿಯೋ ಹುಣಸೆಯ ಹುಳಿಯೋ, ಅದಕ್ಕೆ ಗೊತ್ತಾಗುವುದಿಲ್ಲ.

ಅಡುಗೆ ಸೋಡಾದ ನೀರನ್ನು ಪಟ್ಟಿಯ ಮೇಲೆ ಬಿಟ್ಟಳು. ಕೆಂಪು ತಿಳಿಯಾಗುತ್ತ ಹಳದಿಗೆ ಮರಳಿತು. ದೀಪದ ಕೆಳಗೆ ಹಿಡಿದರೆ, ಬೆಳಗಿತು. ಏನು ಚಂದದ ಬೆಳಕು, ನೋಡಿ ನನಗೆ ಇನ್ನಷ್ಟು ಸಿಟ್ಟು ಬಂತು.

ಅಮೋಘಸಿದ್ದಪ್ಪ ಹಾಲು ಅಳೆದುಕೊಂಡ. ತಪ್ಪಾಯಿತು ಅನ್ನಲಿಲ್ಲ. ನಾಳೆಯಿಂದ ಬರಬಹುದು ಎಂದ, ದಾನ ಕೊಟ್ಟವನಂತೆ. ಆಮೇಲೆ ಸಾಲಿನ ಕಡೆ ಕಣ್ಣು ಹೊಡೆದ.

"ಹಾಲಿನ ಭಾಂಡಿಗೆ ಹುಣಸಿಹಣ್ಣು ತಿಕ್ಕಾಕ ನಿನಗ ಯಾರ ಕಲಿಸಿದ್ರೋ, ಶಾಣ್ಯಾ?"

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು, ನಗು ಆಗಲೇ ಅವರ ತುಟಿಗೆ ಬಂದಿತ್ತು. ಕಲಿಸಿದವಳು ಅವ್ವ. ಏಳಲಾಗದೆ ಮಲಗಿದ ಮೇಲೂ ಹಾಸಿಗೆಯಿಂದಲೇ ಹೇಳಿಕೊಡುತ್ತಿದ್ದಳು, ಹೀಗೆ ತಿಕ್ಕು, ಹೀಗೆ ತೊಳೆ. ನನ್ನನ್ನು ನೋಡಿ ನಕ್ಕರೆ ನಗಲಿ. ಅವಳನ್ನು ಈ ಬಾಯಿಗಳಿಗೆ ಹಾಕುವುದು ಹೇಗೆ? ಮಣ್ಣು ಕೊಡಲು ಬಂದವರೂ ಇವರೇ, ಆಮೇಲೆ ಒಂದು ದಿನವೂ ನಮ್ಮ ಹೊಸ್ತಿಲು ತುಳಿಯದವರೂ ಇವರೇ.

ಖಾಲಿ ಪಾತ್ರೆ ಎತ್ತಿಕೊಂಡೆ. ಚಾಷ್ಟಿಗೆ, ಬರೀ ತಮಾಷೆಗೆ ಅಂದದ್ದು, ನಿಲ್ಲೋ ಎಂದು ಹಿಂದಿನಿಂದ ಯಾರೋ ಕರೆದರು. ಅವರೆಲ್ಲರ ನಡುವಿನಿಂದಲೇ ನಡೆದು ರಸ್ತೆಗೆ ಬಂದೆ.