ನೀರಿನ ಕೌದಿ

ಸುಂಕಮ್ಮ ಈಜುಕೊಳದ ಕಟ್ಟೆಯ ಮೇಲೆ ಕುಕ್ಕುರುಗಾಲಿನಲ್ಲಿ ಕೂತು ನೀಲಿ ಪ್ಲಾಸ್ಟಿಕ್ ಹೊದಿಕೆಯನ್ನು ಹಳೆಯ ಪಂಚೆಯ ತುಂಡಿನಿಂದ ಒರೆಸುತ್ತಿದ್ದಳು. ಹೊದಿಕೆಯ ಒಂದು ಮೈ ನುಣುಪು, ಇನ್ನೊಂದು ಮೈತುಂಬ ಅವರೆಕಾಳಿನಷ್ಟು ದೊಡ್ಡ ಗಾಳಿಗುಳ್ಳೆಗಳು. ಗುಳ್ಳೆಗಳ ಸಂದಿಯಲ್ಲಿ ನೀರು ನಿಂತರೆ ಪಾಚಿ ಕಟ್ಟುತ್ತದೆ. ಅದಕ್ಕೇ ಬೆರಳಿಗೆ ಬಟ್ಟೆ ಸುತ್ತಿಕೊಂಡು ಸಾಲು ಹಿಡಿದು ಒರೆಸಬೇಕು. ಅವಳು ಒರೆಸಿದಷ್ಟನ್ನು, ಕೊಳದ ತುದಿಯಲ್ಲಿ ಕುರ್ಚಿಯ ಮೇಲೆ ಕೂತ ಸುವರ್ಣಮ್ಮ ಕಬ್ಬಿಣದ ಕೊಳವೆಯ ಹಿಡಿ ತಿರುಗಿಸಿ ಸುತ್ತಿಕೊಳ್ಳುತ್ತಿದ್ದಳು. ಮಾತಾಡಿದರೆ ಸುರುಳಿ ಸೊಟ್ಟಗಾದೀತು ಅನ್ನುವ ಹಾಗೆ ಒಬ್ಬರ ಕೈಯನ್ನು ಒಬ್ಬರು ನೋಡುತ್ತಿದ್ದರು. ಪೂರ್ತಿ ಸುತ್ತಿ ಮುಗಿದ ಮೇಲೆ ಸುಂಕಮ್ಮ ಉದ್ದನೆಯ ಬಿಳಿ ಕೋರಾ ಬಟ್ಟೆಯನ್ನು ಸುರುಳಿಯ ಮೇಲೆ ಹೊದಿಸಿ, ಎರಡೂ ತುದಿಗೆ ದಾರ ಕಟ್ಟಿದಳು. ಯುಗಾದಿ ಮುಗಿದಿತ್ತು. ಇನ್ನು ದೀಪಾವಳಿಯವರೆಗೆ ಅದಕ್ಕೆ ಕೆಲಸವಿಲ್ಲ.

ಅದು ಎಂಬತ್ತೆರಡನೆಯ ಇಸವಿ. ಬಳ್ಳಾರಿಯ ಗಾಂಧಿನಗರದಲ್ಲಿ ಹಿತ್ತಲಿಗೆ ಈಜುಕೊಳ ಇದ್ದ ಇನ್ನೊಂದು ಮನೆಯನ್ನು ಸುಂಕಮ್ಮ ಕಂಡಿರಲಿಲ್ಲ. ಮನೆಯ ಯಜಮಾನ ಮರಿಬಸಪ್ಪನಿಗೆ ಸಿರುಗುಪ್ಪದಲ್ಲಿ ಅಕ್ಕಿ ಮಿಲ್ಲು. ಮಗಳು ಸುವರ್ಣಮ್ಮ ಅಪ್ಪನ ಜೊತೆ ಜೀಪಿನಲ್ಲಿ ಮಿಲ್ಲಿಗೆ ಹೋಗಿ, ತೂಕದ ಕಟ್ಟೆಯ ಹತ್ತಿರ ನಿಂತು ಹಮಾಲರ ಮೇಲೆ ಜೋರು ಮಾಡುತ್ತಿದ್ದವಳು. ಒಂದು ದಿನ ಭತ್ತದ ಚೀಲಗಳ ಅಟ್ಟಿ ಜಾರಿ ಅವಳ ಎಡಗಾಲ ಮೇಲೆ ಬಿತ್ತು. ಎಲುಬು ಕೂಡಿಕೊಂಡಿತು, ಮೊಣಕಾಲು ಮಾತ್ರ ಮಡಚಲಿಲ್ಲ. ಬೆಚ್ಚಗಿನ ನೀರಿನಲ್ಲಿ ಎದೆಮಟ್ಟ ನಿಂತು ದಿನಾ ನಡೆಸಿದರೆ ಸಡಿಲಾಗುತ್ತದೆ ಎಂದು ದೂರದ ಆಸ್ಪತ್ರೆಯ ವೈದ್ಯರು ಹೇಳಿದರು. ಮರಿಬಸಪ್ಪ ಮರುಮಾತಾಡದೆ ಹಿತ್ತಲ ನಿಂಬೆಗಿಡ ಕಡಿಸಿ ಕೊಳ ತೋಡಿಸಿದ. ಧಣಿ ಎಮ್ಮೆ ಮೀಯಿಸಲಿಕ್ಕೆ ಹೊಂಡ ಮಾಡಿಸುತ್ತಿದ್ದಾನೆ ಎಂದು ಪಕ್ಕದ ಬೀದಿಯವರು ಆಡಿಕೊಂಡರು.

ಬಳ್ಳಾರಿಯ ಬೇಸಿಗೆಯಲ್ಲಿ ನೀರು ಕಾಯಿಸುವ ಚಿಂತೆಯಿಲ್ಲ. ತೊಂದರೆ ಇದ್ದದ್ದು ದೀಪಾವಳಿಯಿಂದ ಶಿವರಾತ್ರಿಯವರೆಗೆ. ರಾತ್ರಿಯ ಚಳಿಗೆ ನೀರು ಕೊರೆಯುತ್ತಿತ್ತು. ಆ ನೀರಿಗೆ ಇಳಿದರೆ ಸುವರ್ಣಮ್ಮನ ಕಾಲು ಸೆಟೆದು ಕೊರಡಿನಂತಾಗುತ್ತಿತ್ತು. ಕೌಲ್ ಬಜಾರಿನಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದ ಚಂದ್ರಣ್ಣ ಕೊಳಕ್ಕೆ ಪಂಪು ಕೂಡಿಸಲು ಬಂದವನು ಇದನ್ನು ನೋಡಿದ. ಮದರಾಸಿನಲ್ಲಿ ಮುಚ್ಚಿಹೋಗುತ್ತಿದ್ದ ಒಂದು ಹೋಟೆಲಿನಿಂದ ಈ ಹೊದಿಕೆಯನ್ನು ತಂದುಕೊಟ್ಟವನು ಅವನೇ. ಹಡಗಿನಲ್ಲಿ ಬಂದ ಮಾಲು, ಇಂಥದ್ದು ಇನ್ನೊಂದು ಸಿಕ್ಕುವುದಿಲ್ಲ ಎಂದ. ಹಗಲು ಬಿಸಿಲನ್ನು ನೀರಿಗೆ ಬಿಡುತ್ತದೆ, ರಾತ್ರಿ ಆ ಕಾವನ್ನು ಹೊರಗೆ ಬಿಡುವುದಿಲ್ಲ. ಮನೆಯೊಡತಿ ಚನ್ನವೀರಮ್ಮ ಅದಕ್ಕೆ ನೀರಿನ ಕೌದಿ ಎಂದು ಹೆಸರಿಟ್ಟಳು.

ಸಿರುಗುಪ್ಪದ ಹತ್ತಿರದ ಕರೂರಿನಲ್ಲಿ ನಾಲ್ಕನೆಯ ಇಯತ್ತೆಗೇ ಸಾಲಿ ಬಿಟ್ಟು, ಭತ್ತದ ಗದ್ದೆಯಲ್ಲಿ ಸಸಿ ಹಚ್ಚುತ್ತಿದ್ದ ಸುಂಕಮ್ಮನನ್ನು ಈ ಮನೆಗೆ ಕರೆತಂದದ್ದು ಸುವರ್ಣಮ್ಮನ ಕೈ ಹಿಡಿದು ನೀರಿಗೆ ಇಳಿಸಲಿಕ್ಕೆ. ಮೊದಲ ಚಳಿಗಾಲ ಕೌದಿಯ ಕೆಳಗಿನ ನೀರು ಎಳೆ ಬಿಸಿಯಾಗಿರುತ್ತಿತ್ತು. ಮೊಣಕಾಲು ಮೊದಲು ಹೆಬ್ಬೆರಳಗಲ ಮಡಚಿತು, ಆಮೇಲೆ ಅಂಗೈಯಗಲ. ಶಿವರಾತ್ರಿಯ ಹೊತ್ತಿಗೆ ಸುವರ್ಣಮ್ಮ ಸುಂಕಮ್ಮನ ಒಂದೇ ಕೈ ಹಿಡಿದು ಕೊಳದ ಈ ಗೋಡೆಯಿಂದ ಆ ಗೋಡೆಗೆ ನಡೆದಳು. ವೈದ್ಯರು ನೋಡಿ ಸಂತೋಷಪಟ್ಟರು. ಮುಂದಿನ ಚಳಿಗಾಲವೊಂದು ಬಿಡದೆ ಮಾಡಿದರೆ ಕೋಲು ಬೇಕಾಗುವುದಿಲ್ಲ, ನಡುವೆ ನಿಂತರೆ ಮೊಣಕಾಲು ಮತ್ತೆ ಬಿಗಿದುಕೊಳ್ಳುತ್ತದೆ, ಆಮೇಲೆ ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು.

"ಮುಂದಿನ ಸುಗ್ಗಿಗೆ ಮಿಲ್ಲಿನಾಗ ನಿಂತು ಆ ಹಮಾಲರಿಗೆ ಬೈತೀನಿ ನೋಡಲೇ ಸುಂಕಿ," ಎಂದಿದ್ದಳು ಸುವರ್ಣಮ್ಮ. "ಕುಂತು ಬೈದ್ರ ಅವರಿಗೆ ತಾಕಂಗಿಲ್ಲ."

ಕೌದಿ ಎತ್ತಿಡುವ ರೀತಿಯನ್ನು ಚಂದ್ರಣ್ಣ ಹೇಳಿಕೊಟ್ಟಿದ್ದ. ಬ್ಲೀಚಿಂಗ್ ಪುಡಿ ಹಾಕಿದ ದಿನ ನೀರಿಗೆ ಹಾಸಬಾರದು. ಸುತ್ತುವ ಮೊದಲು ಬರಿ ನೀರಿನಲ್ಲಿ ತೊಳೆಯಬೇಕು. ಮಡಚಬಾರದು. ಒಳಗಿನ ಕೋಣೆಗಳಲ್ಲಿ ಮಿಲ್ಲಿನ ಚೀಲಗಳ ಜೊತೆ ಬಂದ ಇಲಿಗಳ ಕಾಟ, ಹಾಗಾಗಿ ಸುರುಳಿ ಕೊಳದ ಪಕ್ಕ ಕೊಳವೆಯ ಕಬ್ಬಿಣದ ಕಾಲುಗಳ ಮೇಲೇ ಇರಲಿ, ಆದರೆ ಬಿಳಿ ಬಟ್ಟೆ ಮಾತ್ರ ತೆಗೆಯಬೇಡಿ. ಇಷ್ಟು ಹೇಳಿ ಅವನು ರಾಯಚೂರಿನ ಕಡೆ ಯಾವುದೋ ಗುತ್ತಿಗೆ ಕೆಲಸಕ್ಕೆ ಹೋದ.

ವೈಶಾಖದಲ್ಲಿ ಕುರುಗೋಡಿನ ಕಡೆಯ ಮಠದ ಸ್ವಾಮಿಗಳು ಮನೆಗೆ ಬರುವುದಾಯಿತು. ಮಗಳ ಕಾಲಿಗಾಗಿ ಪಾದಪೂಜೆ ಮಾಡಿಸುತ್ತೇನೆಂದು ಚನ್ನವೀರಮ್ಮ ಹರಕೆ ಹೊತ್ತಿದ್ದಳು. ಗೇಟಿನಿಂದ ದೇವರ ಕೋಣೆಯವರೆಗೆ ಸ್ವಾಮಿಗಳು ನಡೆದುಬರಲು ಬಿಳಿ ನಡೆಮುಡಿ ಹಾಸಬೇಕು. ಅಗಸರವನು ತಂದ ಬಟ್ಟೆ ಪಡಸಾಲೆಗೇ ಮುಗಿದುಹೋಯಿತು. ಸ್ವಾಮಿಗಳಿದ್ದ ಜೀಪು ಬೀದಿಯ ತಿರುವಿಗೆ ಬಂದ ಸದ್ದಾಗುತ್ತಿದ್ದಂತೆ ಚನ್ನವೀರಮ್ಮ ಹಿತ್ತಲಿಗೆ ಓಡಿ ಕೌದಿಯ ಮೇಲಿನ ಬಟ್ಟೆಯನ್ನು ತಾನೇ ಎಳೆದು ತಂದಳು. ಅಳತೆಗೆ ಮಾಡಿಸಿದಂತೆ ಅದು ಪಡಸಾಲೆಯಿಂದ ದೇವರ ಕೋಣೆಯವರೆಗೆ ಸರಿಯಾಗಿ ಕೂತಿತು. ಸ್ವಾಮಿಗಳು ಅದರ ಮೇಲೆ ನಡೆದು ಬಂದರು. ಸುವರ್ಣಮ್ಮನ ಮೊಣಕಾಲಿಗೆ ವಿಭೂತಿ ಹಚ್ಚಿದರು. ಚನ್ನವೀರಮ್ಮನಿಗೆ ಕಣ್ಣೀರು ನಿಲ್ಲಲಿಲ್ಲ.

ಮರುದಿನ ಸುಂಕಮ್ಮ ಬಟ್ಟೆ ಕೇಳಲು ಹೋದಳು. ಅದು ಆಗಲೇ ಒಗೆಸದೆ ಮಡಚಿ ದೇವರ ಕೋಣೆಯ ಟ್ರಂಕು ಸೇರಿತ್ತು.

"ಸ್ವಾಮಿಗಳು ಪಾದ ಇಟ್ಟದ್ದು ಅದು," ಎಂದಳು ಚನ್ನವೀರಮ್ಮ. "ಜಳಕದ ನೀರಿನ ಪ್ಲಾಸ್ಟಿಕ್ಕಿಗೆ ಹೊದಸಾಕ ಬರ್ತೈತೇನು?"

ಸಂಜೆ ಮರಿಬಸಪ್ಪ ಮಿಲ್ಲಿನಿಂದ ಕರಿಯ ತಾಡಪಾಲು ತರಿಸಿದ. ಅಕಾಲದ ಮಳೆಗೆ ಭತ್ತದ ರಾಶಿ ಮುಚ್ಚುವ, ದಪ್ಪ ಟಾರು ಬಳಿದ ಬಟ್ಟೆ. ಅದನ್ನು ಸುರುಳಿಗೆ ಎರಡು ಸುತ್ತು ಸುತ್ತಿಸಿ, ಗಾಳಿಯೂ ಆಡದಂತೆ ಹಗ್ಗ ಬಿಗಿಸಿದ. ಸಾವಿರಾರು ಚೀಲ ಕಾದ ತಾಡಪಾಲು, ಇದೊಂದು ಕೌದಿ ಕಾಯುವುದೇನು ಮಹಾ ಎಂದು ನಕ್ಕ. ಸುಂಕಮ್ಮ ಕಂಬದ ಹಿಂದೆ ನಿಂತಿದ್ದಳು. ಚಂದ್ರಣ್ಣ ಬಿಳಿ ಬಟ್ಟೆ ಎಂದದ್ದು ಅವಳಿಗೆ ನೆನಪಿತ್ತು. ಬಿಳಿಯೇ ಯಾಕೆ ಎಂದು ಅವನು ಹೇಳಿರಲಿಲ್ಲ, ಇವಳು ಕೇಳಿರಲೂ ಇಲ್ಲ. ಯಜಮಾನರೆದುರು ಬಾಯಿ ತೆರೆದು ಏನೆಂದು ಹೇಳುವುದು?

ಜ್ಯೇಷ್ಠದ ಒಂದು ಮಧ್ಯಾಹ್ನ ಒಣಗಿದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದಾಗ ಅವಳು ತಾಡಪಾಲಿನ ಮೇಲೆ ಕೈಯಿಟ್ಟು ತಟ್ಟನೆ ತೆಗೆದಳು. ರೊಟ್ಟಿಯ ಹಂಚು ಮುಟ್ಟಿದಂತಾಗಿತ್ತು. ಒಳಗಿನಿಂದ ಸುಟ್ಟ ರಬ್ಬರಿನಂಥ ವಾಸನೆ. ಅಂದೇ ಚನ್ನವೀರಮ್ಮನಿಗೆ ಹೇಳಿದಳು. ಬಳ್ಳಾರಿಯ ಬಿಸಿಲಿಗೆ ಬಂಡೆಯೂ ಸುಡುತ್ತದೆ ಎಂಬ ಉತ್ತರ ಬಂತು. ಸುವರ್ಣಮ್ಮನಿಗೆ ಹೇಳಿದಾಗ ಅವಳು ತಾಯಿಯನ್ನು ಕರೆದು, ಆ ಬಿಳಿ ಬಟ್ಟೆ ಕೊಟ್ಟುಬಿಡು ಎಂದಳು.

ಚನ್ನವೀರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ನಿನ್ನ ಕಾಲಿಗಂತನಽ ಹಾಸಿದ್ದವ್ವಾ ಅದು. ತೆಗದು ಹೊರಗ ಹಾಕಿ ನಿನಗೇನರ ಆದ್ರ?"

ಆಮೇಲೆ ಸುವರ್ಣಮ್ಮ ಕೇಳಲಿಲ್ಲ. ಬೇರೆ ಬಿಳಿ ಬಟ್ಟೆ ತರಿಸುತ್ತೇನೆಂದು ಅಪ್ಪ ಒಪ್ಪಿಕೊಂಡ. ಮಿಲ್ಲಿನ ಗಡಿಬಿಡಿಯಲ್ಲಿ ಅದು ಇವತ್ತು ನಾಳೆ ಎಂದಾಗಿ, ಮಳೆ ಶುರುವಾಗಿ, ತಾಡಪಾಲೇ ಸರಿ ಎಂದಾಯಿತು.

ದೀಪಾವಳಿ ಪಾಡ್ಯದ ಮಾರನೆಯ ದಿನ ಬೆಳಿಗ್ಗೆ ಹಗ್ಗ ಬಿಚ್ಚಿದರು. ಸುವರ್ಣಮ್ಮ ಹೊಸ ಸೀರೆ ಉಟ್ಟು ಕುರ್ಚಿಯಲ್ಲಿ ಕೂತು ಹಿಡಿ ತಿರುಗಿಸಿದಳು. ಅದು ತಿರುಗಲಿಲ್ಲ. ಸುತ್ತುಗಳು ಒಂದಕ್ಕೊಂದು ಅಂಟಿದ್ದವು. ಸುಂಕಮ್ಮ ಅಂಚನ್ನು ಮೆಲ್ಲನೆ ಎಬ್ಬಿಸಿದಾಗ ಅದು ಹಪ್ಪಳದ ಹಾಗೆ ಮುರಿದು ಅವಳ ಕೈಯಲ್ಲೇ ಉಳಿಯಿತು. ನೀಲಿ ಬಣ್ಣ ಬೂದಿಯಾಗಿತ್ತು. ಗುಳ್ಳೆಗಳೆಲ್ಲ ಒಡೆದು ಚಪ್ಪಟೆಯಾಗಿದ್ದವು. ಗಾಳಿ ಬೀಸಿದಾಗ ಚೂರುಗಳು ಹಾರಿ ಕೊಳದ ನೀರಿನ ಮೇಲೆ ತೇಲಿದವು. ಸುವರ್ಣಮ್ಮ ಹಿಡಿಯಿಂದ ಕೈ ತೆಗೆಯಲೇ ಇಲ್ಲ.

ಹೇಳಿಕಳಿಸಿದ ಮೇಲೆ ಚಂದ್ರಣ್ಣ ರಾಯಚೂರಿನಿಂದ ಬಂದ. ಒಂದು ಚೂರನ್ನು ಬೆರಳಲ್ಲಿ ತಿಕ್ಕಿ ಪುಡಿ ಮಾಡಿ ನೋಡಿದ. ಬಿಸಿಲು ಕುಡಿಯುವುದೇ ಇದರ ಕೆಲಸ, ನೀರಿನ ಮೇಲಿದ್ದಾಗ ಆ ಕಾವು ನೀರಿಗೆ ಇಳಿಯುತ್ತದೆ, ಸುತ್ತಿಟ್ಟಾಗ ತನ್ನನ್ನೇ ಸುಟ್ಟುಕೊಳ್ಳುತ್ತದೆ ಎಂದ. ಬಿಳಿ ಬಟ್ಟೆ ಬಿಸಿಲನ್ನು ಹಿಂದಕ್ಕೆ ತಳ್ಳುತ್ತಿತ್ತು, ಕರಿ ಬಟ್ಟೆ ಇನ್ನೂ ಎಳೆದುಕೊಂಡಿತು.

"ತಾಡಪಾಲು ಹೊದಿಸಿದವರ್ಯಾರ್ರಿ?"

"ನಾನಽ," ಎಂದ ಮರಿಬಸಪ್ಪ.

ಚಂದ್ರಣ್ಣ ಇನ್ನೊಂದು ಹೊದಿಕೆಗಾಗಿ ಮದರಾಸಿಗೆ ಬರೆದು ನೋಡಿದ. ಸಿಕ್ಕಲಿಲ್ಲ.

ಕಾರ್ತಿಕದ ಚಳಿ ಬಿದ್ದಿತು. ಮರಿಬಸಪ್ಪ ಸಿರುಗುಪ್ಪದಿಂದ ಲಾರಿಯಲ್ಲಿ ಭತ್ತದ ಹೊಟ್ಟು ತರಿಸಿ, ಹಿತ್ತಲಲ್ಲಿ ಒಲೆ ಹೂಡಿಸಿ, ಮದುವೆಯ ಹಂಡೆಗಳನ್ನು ಏರಿಸಿದ. ಸುಂಕಮ್ಮ ಕುದಿಯುವ ನೀರನ್ನು ಕೊಡ ಕೊಡ ಸುರಿದಳು. ಸುರಿದಲ್ಲಿ ಹಬೆ ಏಳುತ್ತಿತ್ತು. ಮುಂದಿನ ಕೊಡ ತರುವಷ್ಟರಲ್ಲಿ ಅಲ್ಲಿ ಕೈಯಿಟ್ಟರೆ ಮತ್ತೆ ಕೊರೆತ. ಊರಿನ ಭತ್ತದ ಹೊಟ್ಟನ್ನೆಲ್ಲ ಸುಟ್ಟರೂ ಆ ಕೊಳ ಕಾಯುವಂತಿರಲಿಲ್ಲ. ಸುವರ್ಣಮ್ಮನನ್ನು ದೊಡ್ಡ ನೀರಿನ ಗುಡಾಣದಲ್ಲಿ ಕೂರಿಸಿ ಬಿಸಿನೀರು ಹಾಕಿದರೆ ಕಾಲಿಗೆ ಹಿತವಾಗುತ್ತಿತ್ತೇ ಹೊರತು ನಡೆಯಲು ಅಲ್ಲಿ ಜಾಗವೆಲ್ಲಿ? ಮಾರ್ಗಶಿರದಲ್ಲಿ ಮೊಣಕಾಲು ಅಂಗೈಯಗಲದಿಂದ ಹೆಬ್ಬೆರಳಗಲಕ್ಕೆ ಬಂತು. ದಿನಾ ಅದನ್ನು ಹಿಡಿದು ಮಡಚಿ ನೋಡುತ್ತಿದ್ದ ಸುಂಕಮ್ಮನಿಗೆ ಅದು ಬೇರೆಯವರಿಗಿಂತ ಮೊದಲೇ ಗೊತ್ತಾಯಿತು. ಹೇಳಲಿಲ್ಲ. ಸುವರ್ಣಮ್ಮನಿಗೆ ತನ್ನ ಕಾಲು ತನಗೆ ಗೊತ್ತಿರಲಿಲ್ಲವೇ?

ಒಂದು ಬೆಳಿಗ್ಗೆ ಅವಳು ಕೋಲೂರಿ ತಾನೇ ಕೊಳದ ಕಟ್ಟೆಗೆ ಬಂದು ಕೂತಳು. ಕಾಲನ್ನು ನೀರಿಗೆ ಬಿಟ್ಟಳು. ಮೀನಖಂಡ ಗಂಟು ಕಟ್ಟಿ ಎದ್ದದ್ದು ಎಲ್ಲರಿಗೂ ಕಾಣಿಸಿತು. ಹಲ್ಲು ಕಚ್ಚಿ ಕಾಲು ಎಳೆದುಕೊಂಡಳು. ಚನ್ನವೀರಮ್ಮ ಒಳಗೆ ಹೋಗಿ ಟ್ರಂಕಿನಿಂದ ಆ ಬಿಳಿ ಬಟ್ಟೆಯನ್ನು ತಂದಳು. ಮಡಿಕೆ ಬಿಚ್ಚಿ, ಕಣ್ಣಿಗೊತ್ತಿಕೊಂಡು, ಮಗಳ ಮೊಣಕಾಲಿಗೆ ಸುತ್ತತೊಡಗಿದಳು. ಉದ್ದನೆಯ ಬಟ್ಟೆ, ಎಷ್ಟು ಸುತ್ತಿದರೂ ಮುಗಿಯಲಿಲ್ಲ. ಉಳಿದದ್ದು ಕಟ್ಟೆಯ ಮೇಲೆ ರಾಶಿಯಾಗಿ ಬಿತ್ತು.

ತಾಯಿಯ ಕೈ ನಿಂತಿತು. ಸುವರ್ಣಮ್ಮ ಸುಂಕಮ್ಮನತ್ತ ಕೈ ಚಾಚಿದಳು.

"ಸುಂಕೀ, ಕೈ ಹಿಡಿ. ತಣ್ಣಗಿದ್ರೂ ಇಳೀತೀನಿ."

ಸುಂಕಮ್ಮನ ಎರಡೂ ಕೈಯಲ್ಲಿ ಬಿಸಿನೀರಿನ ಕೊಡ ಇತ್ತು. ಅವಳು ಚನ್ನವೀರಮ್ಮನ ಮುಖ ನೋಡಿದಳು. ಚನ್ನವೀರಮ್ಮ ಬಟ್ಟೆಯ ರಾಶಿ ನೋಡುತ್ತಿದ್ದಳು. ಮರಿಬಸಪ್ಪ ಒಲೆಯ ಮುಂದೆ ಬಗ್ಗಿ ಆರಿದ ಹೊಟ್ಟನ್ನು ಕೆದಕುತ್ತಿದ್ದ. ಸುವರ್ಣಮ್ಮ ಚಾಚಿದ ಕೈಯನ್ನು ಅವನತ್ತ ತಿರುಗಿಸಿದಳು.

"ಅಪ್ಪಾ, ನೀನರ ಇಳಸು."