ನಾಲ್ಕು ಬೆರಳು ಮೇಲೆ

“ಬಂತು ಸಾರ್, ಬಂತು! ಸೈರನ್ ಕೇಳಿಸ್ತಾ ಇದೆ!”

ಸ್ಪೀಕರಿನಿಂದ ಹೊಮ್ಮಿದ ಆ ತಾಯಿಯ ದನಿ ಕೇಳಿ ಆಂಬುಲೆನ್ಸ್ ನಿಯಂತ್ರಣ ಕೊಠಡಿಯಲ್ಲಿದ್ದ ಇಬ್ಬರೂ ನಿಟ್ಟುಸಿರುಬಿಟ್ಟರು. ಕರೆ ಸ್ವೀಕರಿಸುತ್ತಿದ್ದ ಹಿರಿಯರನ್ನು ಎಲ್ಲರೂ ಮಾವ ಎಂದೇ ಕರೆಯುತ್ತಿದ್ದರು. ಅವರ ಮಗ್ಗುಲಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದವಳು, ಅಲ್ಲಿನ ಪರದೆಯ ಮೇಲಿದ್ದ ನಕ್ಷೆಯ ಪುಟವನ್ನು ಬರೆದ ಪ್ರೋಗ್ರಾಮರ್.

“ಬಾಗಿಲು ತೆಗೆದಿಡಿಯಮ್ಮ. ಮಗೂನ ಕೂರಿಸ್ಕೊಂಡೇ ಇರಿ, ಮಲಗಿಸ್ಬೇಡಿ,” ಎಂದರು ಮಾವ. ಉಬ್ಬಸ ಕೆರಳಿದ ಪುಟ್ಟ ಹೆಣ್ಣುಮಗು. ಅದು ಎಳೆಯುತ್ತಿದ್ದ ಉಸಿರಿನ ಸಿಳ್ಳು ಫೋನಿನಲ್ಲೂ ಕೇಳಿಸುತ್ತಿತ್ತು.

ತುಸು ಹೊತ್ತು ಆ ಸಿಳ್ಳೊಂದೇ ಉಳಿಯಿತು. ಬಳಿಕ ತಾಯಿ ಕೇಳಿದಳು: “ಸಾರ್... ಸೈರನ್ ದೂರದಲ್ಲೇ ನಿಂತುಹೋಯ್ತು, ಅಲ್ವಾ?”

ಪ್ರೋಗ್ರಾಮರ್ ಥಟ್ಟನೆ ಮಾವನ ಪರದೆಯತ್ತ ಬಗ್ಗಿದಳು. ಕರೆ ಬಂದ ಮನೆಯ ಮೇಲೆ ಒತ್ತಿ ಕಳಿಸುವ ನಕ್ಷೆಯ ಗುರುತು ಒಮ್ಮೊಮ್ಮೆ ಸುಳ್ಳು ಹೇಳುತ್ತದೆಂದು ಚಾಲಕರು ವಾರದಿಂದ ದೂರುತ್ತಿದ್ದರು. “ನನ್ನ ಮಷೀನಲ್ಲಿ ಸರಿಯಾಗೇ ಇದೆ” ಎಂದು ಅವಳು ಪ್ರತಿ ಸಲವೂ ಉತ್ತರಿಸಿದ್ದಳು. ಕೊನೆಗೆ ಈ ಬೆಳಿಗ್ಗೆ ತಾನೇ ಬಂದು, ತನ್ನ ಅಭ್ಯಾಸದಂತೆ ನಕ್ಷೆಯಲ್ಲಿ ಸ್ವಂತ ಮನೆಯ ಚಾವಣಿಯ ಮೇಲೆ ಒತ್ತಿ ಒತ್ತಿ ಪರೀಕ್ಷಿಸಿದ್ದಳು. ಲ್ಯಾಪ್‌ಟಾಪಿನಲ್ಲಿ ಗುರುತು ಒಮ್ಮೆಯೂ ಚಾವಣಿ ಬಿಟ್ಟು ಕದಲಿರಲಿಲ್ಲ. “ಮನೇಲಿ ಹುಲಿ, ಬೀದೀಲಿ ಇಲಿ ಅಂತಾರಲ್ಲ ಮಗಳೇ, ಹಾಗಿದೆ ನಿನ್ನ ನಕ್ಷೆ,” ಎಂದು ಮಾವ ನಕ್ಕಿದ್ದರು. ಅವಳೂ ನಕ್ಕಿದ್ದಳು.

ಮಾವ ಇನ್ನೊಂದು ಫೋನಿನಲ್ಲಿ ಚಾಲಕನನ್ನು ಹಿಡಿದರು. ಎತ್ತಿನ ಗಾಡಿಯ ವೇಗದಲ್ಲಿ ಓಡಿಸುತ್ತಾನೆಂದು ಅವನಿಗೆ ತೂಫಾನು ಎಂಬ ಹೆಸರು ಬಿದ್ದಿತ್ತು.

“ನಿಮ್ಮ ಗುರುತಿನ ಮೇಲೇ ನಿಂತಿದ್ದೀನಿ ಮಾವ. ಮನೆ ಎಲ್ಲಿದೆ ಇಲ್ಲಿ? ಮರದ ಗೋದಾಮಿನ ಗೋಡೆ. ಗೋಡೆಗೆ ಬಂದಿದ್ಯಾ ಉಬ್ಬಸ?”

“ಅಯ್ಯೋ, ನಾನು ಕಾಲುವೆ ಪಕ್ಕದ ನೀಲಿ ಗೇಟಿನ ಮನೆ ಮೇಲೇ ಕಣೋ ಒತ್ತಿದ್ದು!”

ಅದು ನಿಜವೆಂಬುದನ್ನು ಅವಳು ಕಣ್ಣಾರೆ ಕಂಡಿದ್ದಳು. ಒತ್ತಿದೊಡನೆ ನಕ್ಷೆ ಮುಚ್ಚಿಕೊಂಡು ಗುರುತು ನೇರವಾಗಿ ಚಾಲಕನ ಫೋನಿಗೆ ಹೋಗುವಂತೆ, ಸಮಯ ಉಳಿಯಲೆಂದು, ಮಾಡಿದ್ದವಳೂ ಅವಳೇ. ಅದು ಎಲ್ಲಿ ಬಿತ್ತೆಂದು ಮತ್ತೆ ನೋಡುವ ಅವಕಾಶ ಇಲ್ಲಿ ಯಾರಿಗೂ ಇರಲಿಲ್ಲ.

“ಮಾವ, ಆಗ ಹೇಗೆ ಮಾಡಿದ್ರೋ ಹಾಗೇ ಮಾಡಿ. ಒತ್ತಬೇಡಿ.”

ಮಾವ ನಕ್ಷೆ ತೆರೆದು ಮೌಸಿನ ಚಕ್ರವನ್ನು ಉರುಳಿಸಿದರು. ಪುಟದ ನೆತ್ತಿಯಲ್ಲಿದ್ದ ಕೆಂಪು ಪಟ್ಟಿ ಮೇಲೆ ಸರಿದು ಮರೆಯಾಯಿತು.

“ಅದನ್ನ ಯಾಕೆ ಸರಿಸಿದ್ರಿ?”

“ನಿನ್ನ ಪಟ್ಟಿ ಬಂದಾಗಿನಿಂದ ಸರಿಸದೆ ಕೆಳಗಿನ ಬೀದಿಗಳು ಕಾಣೋದೇ ಇಲ್ವಲ್ಲಮ್ಮ.”

ಗುರುತು ಹಾಕುವಾಗ ಎಚ್ಚರಿಕೆಯಿರಲಿ ಎಂದು ಆ ಪಟ್ಟಿಯ ಮೇಲೆ ಬರೆದಿತ್ತು. ಹಿಂದಿನ ವಾರ ಅದನ್ನು ಸೇರಿಸಿದವಳು ಅವಳೇ. ಅವಳ ಅಗಲವಾದ ಪರದೆಯಲ್ಲಿ ಸರಿಸುವ ಅಗತ್ಯವೇ ಬಂದಿರಲಿಲ್ಲ. ಸರಿಸಿದ್ದರೂ, ಪುಟ ಎಷ್ಟು ಸರಿದಿದೆಯೆಂದು ಅವಳ ಪ್ರೋಗ್ರಾಂ ಕೇಳಿದಾಗ ಅವಳ ಹೊಸ ಬ್ರೌಸರ್ ನಿಜವನ್ನೇ ಹೇಳುತ್ತಿತ್ತು. ಇಲ್ಲಿನ ಹಳೆಯ ಬ್ರೌಸರಿಗೆ ಆ ಪ್ರಶ್ನೆಯನ್ನು ಬೇರೆ ಬಗೆಯಲ್ಲಿ ಕೇಳಬೇಕು. ಇಲ್ಲವಾದರೆ ಪುಟ ಸರಿದೇ ಇಲ್ಲವೆಂಬಂತೆ ಅದು ಸುಮ್ಮನೆ ಸೊನ್ನೆ ಎನ್ನುತ್ತದೆ. ಅವಳು ಹಾಗೆ ಕೇಳಿರಲಿಲ್ಲ. ಪಟ್ಟಿಯ ಎತ್ತರ ನಾಲ್ಕು ಬೆರಳು. ಪಟ್ಟಿ ಸರಿಸಿ ಒತ್ತಿದ್ದೆಲ್ಲ ನಾಲ್ಕು ಬೆರಳು ಮೇಲೆ ಬೀಳುತ್ತಿತ್ತು.

ಅವಳು ಪರದೆಯ ಮೇಲೆ ಬೆರಳಿಟ್ಟು ಅಳೆದಳು. ನೀಲಿ ಗೇಟಿನಿಂದ ನಾಲ್ಕು ಬೆರಳು ಮೇಲೆ, ಕಾಲುವೆಯ ಆಚೆ, ಗೋದಾಮು.

“ಆಚೆ ದಡದಲ್ಲಿದ್ದೀರಿ,” ಎಂದು ಫೋನಿಗೆ ಕೂಗಿದಳು. “ಮನೆ ಈಚೆ ದಡದಲ್ಲಿದೆ, ನಿಮ್ಮ ನೇರಕ್ಕೇ!”

“ಸೇತುವೆ ಸುತ್ತಿ ಬರ್ಬೇಕು,” ಎಂದ ತೂಫಾನು. ಅವನ ದನಿಯಲ್ಲಿ ಈಗ ಕುಚೋದ್ಯವಿರಲಿಲ್ಲ.

ಗೋಡೆಯ ದೊಡ್ಡ ಪರದೆಯಲ್ಲಿ ಅವನ ವಾಹನದ ಹಸಿರು ಚುಕ್ಕೆ ಕಾಲುವೆಯ ಗುಂಟ ಹೊರಟಿತು. ನೀಲಿ ಗೇಟಿಗೆ ಬೆನ್ನು ಹಾಕಿ, ಸೇತುವೆಯ ಕಡೆಗೆ. ಅವಳು ಅದನ್ನೇ ನೋಡುತ್ತಿರುವಾಗ ಸ್ಪೀಕರಿನಲ್ಲಿ ಸಿಳ್ಳು ಸಣ್ಣಗಾಗುತ್ತ ಬಂದು, ನಿಂತುಹೋಯಿತು.

“ಸಾರ್, ಸದ್ದೇ ಮಾಡ್ತಿಲ್ಲ ಸಾರ್.”

“ಕರೀತಾ ಇರಿಯಮ್ಮ. ಹೆಸರು ಹಿಡಿದು ಕರೀರಿ, ಬಿಡಬೇಡಿ.”

“ಪುಟ್ಟೀ... ಪುಟ್ಟೀ... ಏ ಪುಟ್ಟೀ, ನೋಡೇ ಇಲ್ಲಿ...”

ಮಾವ ಮೇಜಿನ ಅಂಚನ್ನು ಹಿಡಿದು ಕಣ್ಣು ಮುಚ್ಚಿದ್ದರು. ಈ ಒಂದು ವಾರದಲ್ಲಿ ಅವರು ಒತ್ತಿದ ಗುರುತುಗಳೆಲ್ಲ ಅವಳ ಮನಸ್ಸಿನಲ್ಲಿ ಸುಳಿದವು. ಯಾವ ಯಾವ ಗೋಡೆಯ ಮುಂದೆ ಯಾರು ಯಾರು ನಿಂತಿದ್ದರೋ, ಯಾವ ಮನೆಯ ಬಾಗಿಲು ತೆರೆದೇ ಉಳಿದಿತ್ತೋ.

ಕಡೆಗೊಮ್ಮೆ ಸೈರನ್ ಕೇಳಿಸಿತು. ಈ ಸಲ ಬೆಳೆಯುತ್ತ ಬಂತು. ಗೇಟು ಬಡಿದ ಸದ್ದು, ಓಡುವ ಕಾಲುಗಳು, ಯಾರೋ “ಕೊಡಿ ಇಲ್ಲಿ” ಎಂದದ್ದು. ಫೋನು ಕೆಳಗೆ ಬಿದ್ದು ಕರೆ ಕಡಿಯಿತು.

ಬಹಳ ಹೊತ್ತಿನ ಮೇಲೆ ತೂಫಾನು ಮಾತಾಡಿದ. “ಹೊರಟ್ವಿ.”

“ಮಗು?” ಎಂದರು ಮಾವ.

“ಹೊರಟ್ವಿ ಅಂದೆನಲ್ಲ ಮಾವ.”

ಹಸಿರು ಚುಕ್ಕೆ ಆಸ್ಪತ್ರೆಯ ಕಡೆ ತಿರುಗಿತು. ಯಾವಾಗಲೂ ತೆವಳುತ್ತಿದ್ದದ್ದು ಈಗ ಬೀದಿಯಿಂದ ಬೀದಿಗೆ ನೆಗೆಯುತ್ತಿತ್ತು. ಅವಳು ಆ ಪುಟದ ಪ್ರೋಗ್ರಾಂ ಸಾಲುಗಳನ್ನು ಲ್ಯಾಪ್‌ಟಾಪಿನಲ್ಲಿ ತೆರೆದು, ತಪ್ಪಿದ್ದ ಸಾಲಿನವರೆಗೆ ಬಂದಳು. ಒಂದಕ್ಷರ ಹೊಡೆಯಲು ಹೋದರೆ ಇನ್ನೊಂದು ಬೀಳುತ್ತಿತ್ತು.

ಆಗ ಇನ್ನೊಂದು ಕರೆ ಬಂತು. ಮಾವ ರಿಸೀವರನ್ನು ಹೆಗಲಿಗೆ ಒತ್ತಿಕೊಂಡು, “ಹೇಳಿಯಮ್ಮ, ಎಲ್ಲಿ?” ಎನ್ನುತ್ತ ವಿಳಾಸವನ್ನು ಎಡ ಅಂಗೈಯ ಮೇಲೆ ಬರೆದುಕೊಂಡರು. ಬಲಗೈ ರೂಢಿಯಂತೆ ಮೌಸಿನ ಕಡೆ ಹೋಗಿ, ಮುಟ್ಟದೆ, ಅದರ ಮೇಲೆ ಗಾಳಿಯಲ್ಲೇ ನಿಂತಿತು. ಅವರು ಅವಳ ಕಡೆ ನೋಡಿದರು.